ಮ್ಯಾನೇಜರ್ ‘ನೋಡೋಣ’ ಅಂದರೂ ದಿನದ ಲೆಕ್ಕ ನಿಲ್ಲೋದಿಲ್ಲ: ಕೆನಡಾದಲ್ಲಿ ಕ್ಯಾಬಿನ್ ಕ್ರೂ ಆಗುವ ಕನ್ನಡಿಗರಿಗೆ

ಕಳೆದ ತಿಂಗಳು ಟೊರೊಂಟೊದ ಪಿಯರ್ಸನ್ ಏರ್‌ಪೋರ್ಟಿನ ಕ್ರೂ ರೂಮಿನಲ್ಲಿ ದಾವಣಗೆರೆಯ ಹುಡುಗನೊಬ್ಬ ಸಿಕ್ಕಿದ. ಕೆಲಸಕ್ಕೆ ಸೇರಿ ಒಂಬತ್ತು ತಿಂಗಳಾಗಿತ್ತು. “ಅಕ್ಕಾ, ನನ್ನ ಡ್ರಾಫ್ಟ್ ದುಡ್ಡು ಬಂದೇ ಇಲ್ಲ. ಮ್ಯಾನೇಜರ್‌ಗೆ ಹೇಳಿದೀನಿ, ನೋಡ್ತೀನಿ ಅಂದಿದಾರೆ. ತುಂಬಾ ಒಳ್ಳೇ ಮನುಷ್ಯ” ಅಂದ. ರಜಾ ದಿನ ಹಿಡಿದು ಕೆಲಸಕ್ಕೆ ಹಾಕಿದ್ದಕ್ಕೆ ಕೊಡಬೇಕಾದ ಜಾಸ್ತಿ ದುಡ್ಡು ಅದು. ಯಾವಾಗ ಹೇಳಿದ್ದಪ್ಪಾ ಅಂತ ಕೇಳಿದೆ. “ಐದು ವಾರ ಆಯ್ತು.”

ನನಗೆ ಹೊಟ್ಟೆ ಚುರ್ ಅಂತು. ಏಳು ವರ್ಷದ ಹಿಂದೆ ನಾನೂ ಇದೇ ಮಾತು ಆಡಿದ್ದೆ. ‘ಒಳ್ಳೇ ಮನುಷ್ಯ’ ಅನ್ನೋದೂ ಸೇರಿ.

ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಇಂಟರ್‌ವ್ಯೂ ಹೇಗಿರುತ್ತೆ, ಟ್ರೈನಿಂಗ್ ಎಷ್ಟು ವಾರ, ಫ್ರೆಂಚ್ ಬೇಕಾ, ಇವೆಲ್ಲ ನಿಮಗೆ ಆಗಲೇ ಗೊತ್ತಿರುತ್ತೆ. ಯೂನಿಯನ್ನೂ ಕಂಪನಿಯೂ ಒಟ್ಟಿಗೆ ಕೂತು ನಡೆಸುವ ವ್ಯವಸ್ಥೆ ಇಲ್ಲಿ ಹೇಗೆ ಅನ್ನೋದನ್ನು ಮಾತ್ರ ಯಾರೂ ಹೇಳಿಕೊಡುವುದಿಲ್ಲ. ಟ್ರೈನಿಂಗ್‌ನಲ್ಲಿ ಯೂನಿಯನ್ನಿನವರು ಬಂದು ಒಂದು ಗಂಟೆ ಮಾತಾಡುತ್ತಾರೆ. ಆ ಹೊತ್ತಿಗೆ ನಾವೆಲ್ಲ ಮರುದಿನದ ಇವ್ಯಾಕ್ಯುಯೇಶನ್ ಡ್ರಿಲ್‌ನ ಕಮಾಂಡ್‌ಗಳನ್ನು ಉರು ಹೊಡೆಯುತ್ತಿರುತ್ತೇವೆ.

ಮೊದಲು ಒಂದು ಸಣ್ಣ ವಿಷಯ. ನೀವು ಬ್ರಾಂಪ್ಟನ್‌ನಲ್ಲೇ ಇರಿ, ಕ್ಯಾಲ್ಗರಿಯಲ್ಲೇ ಇರಿ, ವಿಮಾನ ಕಂಪನಿಯ ಕೆಲಸಕ್ಕೆ ಪ್ರಾಂತ್ಯದ ಕಾರ್ಮಿಕ ಕಾನೂನು ಅಲ್ಲ, ಕೆನಡಾ ಲೇಬರ್ ಕೋಡ್ ಅನ್ನುವ ಕೇಂದ್ರದ ಕಾನೂನು ಅನ್ವಯಿಸುತ್ತದೆ. ಒಂಟಾರಿಯೊ ಸರ್ಕಾರದ ಹೆಲ್ಪ್‌ಲೈನಿಗೆ ಫೋನ್ ಮಾಡಿ ಮುಕ್ಕಾಲು ಗಂಟೆ ಹೋಲ್ಡ್‌ನಲ್ಲಿ ಕೂತವರನ್ನು ನಾನು ಬಲ್ಲೆ. ಅಮೆರಿಕದಲ್ಲಿರುವ ನಿಮ್ಮ ಕಸಿನ್ ವಾಟ್ಸಾಪ್‌ನಲ್ಲಿ ಕೊಡುವ ಸಲಹೆಯೂ ಇಲ್ಲಿ ನಡೆಯೋದಿಲ್ಲ. ಅಲ್ಲಿ ವಿಮಾನದವರಿಗೆ ಇರೋದು 1926ರ ರೈಲ್ವೆ ಲೇಬರ್ ಆಕ್ಟ್. 1936ರಲ್ಲಿ ಅದನ್ನು ವಿಮಾನ ಕಂಪನಿಗಳಿಗೂ ಹಚ್ಚಿದರು. ಅದರ ದಾರಿಯೇ ಬೇರೆ.

ಇನ್ನು ಯೂನಿಯನ್ ಚಂದಾ. ಮೊದಲ ಪೇ ಸ್ಲಿಪ್ ನೋಡಿ “ನಾನು ಯೂನಿಯನ್ ಸೇರೇ ಇಲ್ಲ, ದುಡ್ಡು ಯಾಕೆ ಹಿಡಿದ್ರು?” ಅಂತ ಎಲ್ಲರೂ ಕೇಳುತ್ತಾರೆ. 1945ರಲ್ಲಿ ವಿಂಡ್ಸರ್‌ನ ಫೋರ್ಡ್ ಕಾರ್ಖಾನೆಯಲ್ಲಿ ದೊಡ್ಡ ಮುಷ್ಕರ ನಡೆಯಿತು. ಅದನ್ನು ಬಗೆಹರಿಸಲು ಬಂದ ಜಡ್ಜ್ ಐವನ್ ರ್‍ಯಾಂಡ್ 1946ರಲ್ಲಿ ಕೊಟ್ಟ ತೀರ್ಪು ಇದು: ಸದಸ್ಯ ಆಗೋದು ಬಿಡೋದು ನಿನ್ನಿಷ್ಟ, ಆದರೆ ಯೂನಿಯನ್ ಕಂಪನಿಯ ಜೊತೆ ಮಾಡಿಕೊಂಡ ಒಪ್ಪಂದದ ಲಾಭ ಎಲ್ಲರಿಗೂ ಸಿಗೋದರಿಂದ ಚಂದಾ ಎಲ್ಲರೂ ಕೊಡಬೇಕು. ಹೇಗಿದ್ದರೂ ದುಡ್ಡು ಹೋಗುತ್ತೆ. ಸುಮ್ನೆ ಕಾರ್ಡ್‌ಗೆ ಸಹಿ ಹಾಕಿ ಸದಸ್ಯರಾಗಿ. ಯೂನಿಯನ್ನಿನೊಳಗೆ ನಿಮ್ಮ ಮಾತಿಗೂ ಒಂದು ವೋಟು ಇರಲಿ.

ಈಗ ನನ್ನ ಕಥೆ.

ನವೆಂಬರ್ ತಿಂಗಳು. ಹ್ಯಾಲಿಫ್ಯಾಕ್ಸ್‌ನಿಂದ ಪಿಯರ್ಸನ್‌ಗೆ ರಾತ್ರಿ ಹನ್ನೊಂದಕ್ಕೆ ಬಂದಿಳಿದೆ. ಮರುದಿನ ರಜಾ. ಇನ್ನೂ ಜೆಟ್‌ಬ್ರಿಜ್ ದಾಟಿಲ್ಲ, ಕ್ರೂ ಶೆಡ್ಯೂಲಿಂಗ್‌ನವರ ಫೋನು. ಜನ ಕಮ್ಮಿ ಇದ್ದಾರೆ, ನಾಳೆ ಕ್ಯಾಲ್ಗರಿಗೆ ಹೋಗಿ ಬರಬೇಕು, ಇದು ಡ್ರಾಫ್ಟ್ ಅಂದರು. ಡ್ರಾಫ್ಟ್ ಅಂದರೆ ರಜಾ ದಿನ ಹಿಡಿದು ಕೆಲಸಕ್ಕೆ ಹಾಕೋದು. ಅದಕ್ಕೆ ಒಪ್ಪಂದದ ಪ್ರಕಾರ ಜಾಸ್ತಿ ದುಡ್ಡು ಕೊಡಬೇಕು. ಹೋದೆ. ಮುಂದಿನ ಸಂಬಳದಲ್ಲಿ ಮಾಮೂಲಿ ದುಡ್ಡಷ್ಟೇ ಬಂತು. ಸುಮಾರು 480 ಡಾಲರ್ ಕಮ್ಮಿ.

ನಾನು ಏನು ಮಾಡಿದೆ? ಹಾಸನದ ನಮ್ಮ ಅಪ್ಪ ಆಫೀಸಿನಲ್ಲಿ ಏನು ಮಾಡುತ್ತಿದ್ದರೋ ಅದನ್ನೇ ಮಾಡಿದೆ. ಸಾಹೇಬರ ಮನಸ್ಸು ನೋಯಿಸದ ಹಾಗೆ ಒಂದು ಮೇಲ್ ಹಾಕಿದೆ. ತಮಗೆ ಬಿಡುವಾದಾಗ ಒಂಚೂರು ನೋಡಿ, ಅವಸರವೇನಿಲ್ಲ. ಹೌದು, ‘ಅವಸರವೇನಿಲ್ಲ’ ಅಂತ ನಾನೇ ಕೈಯಾರೆ ಬರೆದೆ! ಅವರು ಅರ್ಧ ಗಂಟೆಯಲ್ಲಿ ಉತ್ತರ ಕೊಟ್ಟರು. ಥ್ಯಾಂಕ್ಸ್, ಪೇರೋಲ್‌ಗೆ ಕಳಿಸಿದ್ದೇನೆ, ನೋಡೋಣ. ಎರಡು ವಾರ ಬಿಟ್ಟು ಮತ್ತೆ ನೆನಪಿಸಿದೆ. ಮತ್ತೆ ಅಷ್ಟೇ ನಯವಾದ ಉತ್ತರ. ಮೂರನೇ ಸಲ ಎದುರಿಗೇ ಸಿಕ್ಕರು, ಮಗಳು ಹೇಗಿದ್ದಾಳೆ ಅಂತ ವಿಚಾರಿಸಿದರು. ನಾನು ದುಡ್ಡಿನ ಮಾತು ಎತ್ತಲೇ ಇಲ್ಲ.

ಕೊನೆಗೆ ಯೂನಿಯನ್ ಆಫೀಸಿಗೆ ಹೋದೆ. ಅಲ್ಲಿ ಕೂತಿದ್ದಾಕೆ ಮೂವತ್ತು ವರ್ಷ ಹಾರಿದ ಹೆಂಗಸು. ನನ್ನ ಪೇ ಸ್ಲಿಪ್ ಪಕ್ಕಕ್ಕೆ ಇಟ್ಟು ಮೇಜಿನ ಮೇಲಿದ್ದ ಕ್ಯಾಲೆಂಡರ್ ಎಳೆದುಕೊಂಡರು. ಪೆನ್ನಿನ ತುದಿಯಲ್ಲಿ ಒಂದೊಂದೇ ಚೌಕ ಮುಟ್ಟುತ್ತಾ ಎಣಿಸಿದರು. ಇಪ್ಪತ್ತೈದಕ್ಕೆ ಒಂದು ಗೆರೆ ಎಳೆದರು. ಆಮೇಲೂ ಎಣಿಸುತ್ತಲೇ ಹೋದರು. ನಲವತ್ತೊಂದಕ್ಕೆ ನಿಲ್ಲಿಸಿ ನನ್ನ ಮುಖ ನೋಡಿದರು. ನಮ್ಮ ಒಪ್ಪಂದದಲ್ಲಿ ಆಗ ಗ್ರೀವೆನ್ಸ್, ಅಂದರೆ ಕಂಪನಿ ಒಪ್ಪಂದ ಮುರಿದಿದೆ ಅಂತ ಬರೆದು ಕೊಡುವ ಅರ್ಜಿ, ಹಾಕಲು ಇದ್ದದ್ದು 25 ದಿನ. ನಿಮ್ಮ ಕಂಪನಿಯಲ್ಲಿ ಬೇರೆ ಇರಬಹುದು. ಒಪ್ಪಂದದ ಪುಸ್ತಕ ತೆಗೆದು ಇವತ್ತೇ ನೋಡಿ. ಆ ದಿನಗಳು ಶುರುವಾಗೋದು ನೀವು ಮೇಲ್ ಹಾಕಿದ ದಿನದಿಂದ ಅಲ್ಲ, ಮ್ಯಾನೇಜರ್ ‘ಆಗಲ್ಲ’ ಅಂದ ದಿನದಿಂದಲೂ ಅಲ್ಲ. ತಪ್ಪು ನಡೆದ ದಿನದಿಂದ, ಇಲ್ಲವೇ ಅದು ನಿಮ್ಮ ಕಣ್ಣಿಗೆ ಬೀಳಬೇಕಾಗಿದ್ದ ದಿನದಿಂದ.

ಆ ಮ್ಯಾನೇಜರ್ ಮೋಸ ಮಾಡಿದರು ಅಂತ ನಾನು ಈಗಲೂ ಹೇಳೋದಿಲ್ಲ. ನಿಜಕ್ಕೂ ಪೇರೋಲ್‌ಗೆ ಕಳಿಸಿರಬಹುದು. ಆದರೆ ಅವರ ಜೊತೆ ಎಷ್ಟೇ ಸಿಹಿ ಮಾತು ನಡೆಯಲಿ, ಅದು ಗ್ರೀವೆನ್ಸ್ ಅಲ್ಲ. ಮೇಲ್ ನೂರು ಹಾಕಿ, ಗ್ರೀವೆನ್ಸ್ ಅಲ್ಲ. ಅದು ಯೂನಿಯನ್ ಮೂಲಕ ಫಾರ್ಮಿನಲ್ಲಿ ಹೋಗಬೇಕು, ಒಪ್ಪಂದದ ಇಂಥ ಕಲಮು ಮುರಿದಿದೆ ಅಂತ ನಂಬರ್ ಸಮೇತ. ಲೇಬರ್ ಕೋಡ್‌ನ 60ನೇ ಸೆಕ್ಷನ್‌ನಲ್ಲಿ ಒಂದು ಕಿಟಕಿ ಇದೆ. ಸರಿಯಾದ ಕಾರಣ ಇದ್ದರೆ, ಎದುರಿನವರಿಗೆ ಅನ್ಯಾಯ ಆಗದಿದ್ದರೆ, ಆರ್ಬಿಟ್ರೇಟರ್ (ಎರಡೂ ಕಡೆ ಕೇಳಿ ತೀರ್ಪು ಕೊಡುವ ಮಧ್ಯಸ್ಥರು) ಗಡುವು ಮುಗಿದ ಮೇಲೂ ಸಮಯ ಕೊಡಬಹುದು. ಆದರೆ ಅದನ್ನು ನಂಬಿ ಕೂರಬೇಡಿ. 480 ಡಾಲರ್‌ಗೋಸ್ಕರ ಆರ್ಬಿಟ್ರೇಟರ್ ತನಕ ಯಾರು ಹೋಗ್ತಾರೆ? ನಾನಂತೂ ಹೋಗಲಿಲ್ಲ. ದುಡ್ಡು ಹೋಯಿತು.

ನಮ್ಮವರು ಇಲ್ಲಿ ಯಾಕೆ ಮತ್ತೆ ಮತ್ತೆ ಎಡವುತ್ತಾರೆ ಅಂತ ಯೋಚಿಸಿದ್ದೇನೆ. ಗ್ರೀವೆನ್ಸ್ ಅನ್ನು ನಾವು ಮನಸ್ಸಿನಲ್ಲೇ ‘ದೂರು’ ಅಂತ ಮಾಡಿಕೊಳ್ಳುತ್ತೇವೆ. ದೂರು ಅಂದರೆ ಒಬ್ಬರ ಮೇಲೆ ಚಾಡಿ ಹೇಳಿದ ಹಾಗೆ. ನಾಳೆ ಮುಖ ನೋಡೋದು ಹೇಗೆ ಅನ್ನೋ ಸಂಕೋಚ. ಇಲ್ಲಿ ಹಾಗಲ್ಲ. ಒಪ್ಪಂದ ಜಾರಿಯಲ್ಲಿರುವಾಗ ಮುಷ್ಕರ ಮಾಡುವ ಹಾಗಿಲ್ಲ. ಅದಕ್ಕೆ ಬದಲಾಗಿ, ಒಪ್ಪಂದದ ಬಗ್ಗೆ ಏಳುವ ಪ್ರತಿ ಜಗಳಕ್ಕೂ ಮುಷ್ಕರವಿಲ್ಲದೆ ಕೊನೆ ಮುಟ್ಟುವ ದಾರಿ ಒಪ್ಪಂದದಲ್ಲೇ ಇರಬೇಕು ಅಂತ ಕಾನೂನು ಹೇಳುತ್ತೆ. ಆ ದಾರಿಯ ಮೊದಲ ಮೆಟ್ಟಿಲು ಈ ಫಾರ್ಮು, ಅಷ್ಟೇ. ಬ್ಯಾಂಕಿನಲ್ಲಿ ಚಲನ್ ತುಂಬಿದ ಹಾಗೆ ಅಂದುಕೊಳ್ಳಿ. ನನ್ನ ಮೇಲೆ ಬೇಜಾರಾಗುತ್ತಾರೆ ಅಂತ ನಾನು ಹೆದರಿದ್ದ ಅದೇ ಮ್ಯಾನೇಜರ್ ಆಮೇಲೊಂದು ದಿನ, “ನೀನು ಗ್ರೀವೆನ್ಸ್ ಹಾಕಿದ್ದಿದ್ದರೆ ನನಗೇ ಸುಲಭ ಆಗ್ತಿತ್ತು, ಪೇರೋಲ್‌ನವರು ಆಗ ಮಾತ್ರ ಫೋನ್ ಎತ್ತೋದು” ಅಂದರು!

ಇನ್ನೊಂದು ತಿಳಿಯಬೇಕಾದ್ದು, ಶೆಡ್ಯೂಲಿಂಗ್‌ನವರು ಹೇಳಿದ್ದು ತಪ್ಪು ಅನ್ನಿಸಿದರೂ ‘ನಾನು ಹೋಗಲ್ಲ’ ಅನ್ನಬಾರದು. ಮೊದಲು ಕೆಲಸ ಮಾಡು, ಆಮೇಲೆ ಗ್ರೀವ್ ಮಾಡು ಅನ್ನೋದು ಇಲ್ಲಿಯ ಪದ್ಧತಿ. ಒಪ್ಪಂದ ನಿಮ್ಮ ಪರ ಇದ್ದರೂ, ಒಲ್ಲೆ ಅಂದ ತಕ್ಷಣ ಅದು ಆಜ್ಞೆ ಮೀರಿದ ಕೇಸ್ ಆಗುತ್ತೆ. ದುಡ್ಡಿನ ಪ್ರಶ್ನೆ ಹಿಂದೆ ಸರಿದು ನಿಮ್ಮ ನಡತೆಯ ಪ್ರಶ್ನೆ ಮುಂದೆ ಬರುತ್ತೆ. ಇನ್ನೂ ಪ್ರೊಬೇಶನ್‌ನಲ್ಲಿದ್ದರೆ ಕೇಳೋದೇ ಬೇಡ. ಅಂಥ ವಿಷಯಕ್ಕೆ ಮೀಟಿಂಗ್‌ಗೆ ಕರೆದರೆ ಯೂನಿಯನ್ ಪ್ರತಿನಿಧಿ ಬರಲಿ ಅಂತ ಕೇಳಿ, ಒಬ್ಬರೇ ಹೋಗಬೇಡಿ. “ಮ್ಯಾನೇಜರ್ ನಮ್ಮ ಇಂಡಿಯದವರೇ, ಮಾತಾಡಿ ಸರಿಮಾಡ್ಕೋತೀನಿ” ಅಂತ ಹೋದ ಒಬ್ಬಳು ಒಂದು ಎಚ್ಚರಿಕೆ ಪತ್ರ ಹಿಡಿದು ಅಳುತ್ತಾ ಬಂದಳು.

ಒಲ್ಲೆ ಅನ್ನಬಹುದಾದ ದೊಡ್ಡ ಜಾಗ ಸುರಕ್ಷತೆ. ನನ್ನ ಲೆಕ್ಕದಲ್ಲಿ ಈ ದೇಶದ ವ್ಯವಸ್ಥೆ ನಿಜಕ್ಕೂ ಚೆನ್ನಾಗಿರೋದೂ ಅಲ್ಲೇ. 20 ಅಥವಾ ಹೆಚ್ಚು ಜನ ಇರುವ ಕೆಲಸದ ಜಾಗದಲ್ಲಿ ಆರೋಗ್ಯ ಮತ್ತು ಸುರಕ್ಷತಾ ಸಮಿತಿ ಇರಲೇಬೇಕು. ಅದರಲ್ಲಿ ಕನಿಷ್ಠ ಅರ್ಧದಷ್ಟು ಜನ ನಮ್ಮ ಕಡೆಯವರು. ಅಧ್ಯಕ್ಷರು ಇಬ್ಬರು, ಒಬ್ಬರು ನಮ್ಮವರು, ಒಬ್ಬರು ಕಂಪನಿಯವರು. ವರ್ಷಕ್ಕೆ ಕನಿಷ್ಠ ಒಂಬತ್ತು ಸಲ, ಅದೂ ಕೆಲಸದ ಹೊತ್ತಿನಲ್ಲೇ ಸೇರಬೇಕು. ಸಮಿತಿ ಬರೆದು ಕೊಟ್ಟ ಶಿಫಾರಸಿಗೆ ಕಂಪನಿ 30 ದಿನದೊಳಗೆ ಬರೆದೇ ಉತ್ತರ ಕೊಡಬೇಕು.

ನಾನು ಒಂದೂವರೆ ವರ್ಷ ಆ ಸಮಿತಿಯಲ್ಲಿದ್ದೆ. ಒಂದು ಬಗೆಯ ಊಟದ ಕಾರ್ಟ್‌ನ ಬ್ರೇಕ್ ಸರಿಯಾಗಿ ಹಿಡಿಯುತ್ತಿರಲಿಲ್ಲ. ಕೆಂಪು ಪೆಡಲ್ ಒತ್ತಿದರೆ ಟಕ್ ಅನ್ನೋ ಸದ್ದು ಬರುತ್ತಿತ್ತು, ಕಾರ್ಟ್ ಮಾತ್ರ ಜಾರುತ್ತಿತ್ತು. ವಿಮಾನ ಏರುವಾಗ ಒಬ್ಬಳ ಕಾಲಿನ ಮೇಲೆ ಹತ್ತಿ ಹೆಬ್ಬೆರಳಿನ ಉಗುರು ಹೋಯಿತು. ಎಲ್ಲರೂ ಗೊಣಗುತ್ತಿದ್ದರು, ಬರೆದುಕೊಟ್ಟವರು ಇಬ್ಬರೇ. ನಮ್ಮ ಕಡೆಯ ಅಧ್ಯಕ್ಷೆ ಆ ಕಾರ್ಟನ್ನೇ ಮೀಟಿಂಗ್ ರೂಮಿಗೆ ತಳ್ಳಿಸಿಕೊಂಡು ಬಂದರು. ಒಂದು ಹಲಗೆಯನ್ನು ಇಳಿಜಾರಾಗಿ ಇಟ್ಟು, ಕಾರ್ಟ್ ಹತ್ತಿಸಿ, ಬ್ರೇಕ್ ಹಾಕಿ, “ಈಗ ನೀವು ಕೆಳಗೆ ನಿಂತ್ಕೊಳ್ಳಿ” ಅಂತ ಕಂಪನಿಯ ಅಧ್ಯಕ್ಷರಿಗೆ ಹೇಳಿದರು. ಅವರು ನಿಲ್ಲಲಿಲ್ಲ. ಎರಡು ತಿಂಗಳಲ್ಲಿ ಆ ಕಾರ್ಟ್‌ಗಳೆಲ್ಲ ರಿಪೇರಿಗೆ ಹೋದವು. ಒಂದು ಮುಷ್ಕರ ಇಲ್ಲ, ಘೋಷಣೆ ಇಲ್ಲ. ಊರಲ್ಲಿ ನಾನು ಹಾರುತ್ತಿದ್ದ ಕಾಲದಲ್ಲಿ ಇಂಥದ್ದನ್ನು ನೋಡಿರಲಿಲ್ಲ.

ಆದರೆ ಇಲ್ಲೂ ಒಂದು ಗುಂಡಿ ಇದೆ. ಅಪಾಯ ಕಂಡರೆ ಕೆಲಸ ನಿರಾಕರಿಸುವ ಹಕ್ಕು ಲೇಬರ್ ಕೋಡ್‌ನ 128ನೇ ಸೆಕ್ಷನ್‌ನಲ್ಲಿದೆ. ವಿಮಾನ ಟೇಕಾಫ್‌ಗೆಂದು ತನ್ನ ಶಕ್ತಿಯಿಂದ ಕದಲಿದ ಮೇಲೆ ಅದು ಬೇರೆಯೇ ಥರ. ಆಗ ತಕ್ಷಣ ಕ್ಯಾಪ್ಟನ್‌ಗೆ ತಿಳಿಸಬೇಕು. ಕೆಲಸ ನಿಲ್ಲಿಸಬಹುದೋ ಬೇಡವೋ ಅಂತ ಕ್ಯಾಪ್ಟನ್ ಹೇಳುತ್ತಾರೆ. ಬೇಡ ಅಂದರೆ ಹಾರಾಟ ಮುಗಿಯೋ ತನಕ ಮಾಡಲೇಬೇಕು. ಅದಕ್ಕೇ ಸಂಶಯ ಇದ್ದರೆ ಗೇಟ್‌ನಲ್ಲಿರುವಾಗಲೇ ಬಾಯಿ ಬಿಡಿ. ‘ಹತ್ತಿದ ಮೇಲೆ ನೋಡೋಣ’ ಬೇಡ.

ಕಿರುಕುಳದ ವಿಷಯಕ್ಕೆ ಇದೆರಡೂ ಅಲ್ಲದ ಮೂರನೇ ಬಾಗಿಲು. 2021ರ ಜನವರಿಯಿಂದ ಅದಕ್ಕೆ ಬೇರೆ ನಿಯಮಗಳಿವೆ. ನೀವು ತಿಳಿಸಿದ ಏಳು ದಿನದೊಳಗೆ ಕಂಪನಿ ನಿಮ್ಮನ್ನು ಸಂಪರ್ಕಿಸಬೇಕು.

ಹಾಗಂತ ಇಲ್ಲಿ ಎಲ್ಲ ಚೆನ್ನ ಅಂತಲ್ಲ. 2025ರ ಆಗಸ್ಟ್ 16ರಂದು ಏರ್ ಕೆನಡಾದ ಹತ್ತು ಸಾವಿರಕ್ಕೂ ಹೆಚ್ಚು ಕ್ರೂ ಮುಷ್ಕರಕ್ಕೆ ಇಳಿದರು. ಅವರ ಯೂನಿಯನ್ ಕ್ಯೂಪಿ. ಮುಖ್ಯ ಸಿಟ್ಟು, ಬೋರ್ಡಿಂಗ್ ಹೊತ್ತಿನಲ್ಲಿ ನೆಲದ ಮೇಲೆ ಮಾಡುವ ಕೆಲಸಕ್ಕೆ ದುಡ್ಡಿಲ್ಲ ಅನ್ನೋದು. ಒಂದೇ ದಿನದೊಳಗೆ ಕೇಂದ್ರದ ಮಂತ್ರಿ ಲೇಬರ್ ಕೋಡ್‌ನ 107ನೇ ಸೆಕ್ಷನ್ ಎತ್ತಿ ಕಡ್ಡಾಯ ಆರ್ಬಿಟ್ರೇಶನ್ ಹಾದಿ ಹಿಡಿದರು. ಯೂನಿಯನ್ ಬಗ್ಗಲಿಲ್ಲ, ಆದೇಶ ಬಂದರೂ ಕೆಲಸಕ್ಕೆ ಮರಳಲಿಲ್ಲ. 19ರಂದು ತಾತ್ಕಾಲಿಕ ಒಪ್ಪಂದ ಆಯಿತು. ಆಮೇಲೆ ಸಂಬಳದ ಭಾಗವನ್ನು ವೋಟಿಗೆ ಹಾಕಿದಾಗ ನೂರಕ್ಕೆ 99.1ರಷ್ಟು ಜನ ಬೇಡ ಅಂದರು. ಮಾತುಕತೆಗೆ ಕೂತಿರುವಾಗ ಸರ್ಕಾರ ಹೀಗೆ ಮಧ್ಯೆ ಕೈ ಹಾಕುತ್ತೆ ಅಂತ ಗೊತ್ತಿದ್ದರೆ ಕಂಪನಿಗೆ ಚೌಕಾಸಿ ಮಾಡುವ ತುರ್ತು ಎಲ್ಲಿರುತ್ತೆ ಹೇಳಿ?

ಊರಿನದು ಪೂರ್ತಿ ಕೆಟ್ಟದು ಅಂತಲೂ ನಾನು ಒಪ್ಪಲ್ಲ. 2024ರ ಮೇನಲ್ಲಿ ಏರ್ ಇಂಡಿಯಾ ಎಕ್ಸ್‌ಪ್ರೆಸ್ ಕ್ರೂ ಒಟ್ಟಿಗೆ ಸಿಕ್ ಲೀವ್ ಹಾಕಿದರು. ಸುಮಾರು 25 ಜನರನ್ನು ಕೆಲಸದಿಂದ ತೆಗೆದರು. ದೆಹಲಿಯಲ್ಲಿ ಚೀಫ್ ಲೇಬರ್ ಕಮಿಷನರ್ ಎದುರು ಎರಡೂ ಕಡೆಯವರು ಕೂತರು, ತೆಗೆದವರನ್ನು ವಾಪಸ್ ಸೇರಿಸಿಕೊಳ್ಳಲು ಕಂಪನಿ ಒಪ್ಪಿತು. ಎಲ್ಲ ಎರಡು ಮೂರು ದಿನದ ಒಳಗೆ. ಇಲ್ಲಿ ಒಂದು ಗ್ರೀವೆನ್ಸ್ ವರ್ಷಗಟ್ಟಲೆ ಎಳೆಯುತ್ತೆ. ಆದರೆ ದಯವಿಟ್ಟು ಆ ಸಿಕ್ ಲೀವ್ ಐಡಿಯಾ ಇಲ್ಲಿಗೆ ತರಬೇಡಿ. ಮಾತಾಡಿಕೊಂಡು ಒಟ್ಟಿಗೆ ರಜಾ ಹಾಕಿದರೆ ಇಲ್ಲಿ ಅದು ಮುಷ್ಕರ, ಒಪ್ಪಂದ ಜಾರಿಯಲ್ಲಿದ್ದರೆ ಕಾನೂನುಬಾಹಿರ. ವಾಟ್ಸಾಪ್ ಗುಂಪಿನಲ್ಲಿ ತಮಾಷೆಗೂ ಬರೆಯಬೇಡಿ.

ದಾವಣಗೆರೆ ಹುಡುಗನ ಕಥೆ ಹೇಳಲಿಲ್ಲ ಅಲ್ವಾ. ಅವನ ಕಂಪನಿಯ ಪುಸ್ತಕವನ್ನು ಅಲ್ಲೇ ಫೋನ್‌ನಲ್ಲಿ ತೆಗೆಸಿದೆ. ಅವರ ಗಡುವು ನಮ್ಮದಕ್ಕಿಂತ ಉದ್ದ, ಇನ್ನೂ ನಾಲ್ಕು ದಿನ ಉಳಿದಿತ್ತು. “ನಾಳೆ ಮಾಡ್ತೀನಿ ಅಕ್ಕಾ” ಅಂದ. ನಾನು ಬಿಡಲಿಲ್ಲ. ಕ್ರೂ ಬಸ್ಸಿನಲ್ಲಿ ಪಕ್ಕದಲ್ಲೇ ಕೂರಿಸಿಕೊಂಡು ಫಾರ್ಮ್ ತುಂಬಿಸಿದೆ. ದಿನಾಂಕ, ಫ್ಲೈಟ್ ನಂಬರ್, ಫೋನ್ ಮಾಡಿದವರು ಯಾರು, ಎಷ್ಟು ಹೊತ್ತಿಗೆ, ಪೇ ಸ್ಲಿಪ್‌ನ ಫೋಟೊ, ಕಲಮಿನ ನಂಬರ್. ಮ್ಯಾನೇಜರ್ ಒಳ್ಳೇ ಮನುಷ್ಯ ಅನ್ನೋದನ್ನೂ ಬರೆಯಲು ಹೊರಟಿದ್ದ. ಅಳಿಸಿದೆ.

ಹಾ, ಚಂದಾ ದುಡ್ಡು ಟಿ4ರ (ಟ್ಯಾಕ್ಸ್‌ಗೆಂದು ಕಂಪನಿ ಕೊಡುವ ವರ್ಷದ ಸಂಬಳದ ಚೀಟಿ) 44ನೇ ಬಾಕ್ಸಿನಲ್ಲಿ ಬಂದಿರುತ್ತೆ. ಟ್ಯಾಕ್ಸ್ ತುಂಬುವಾಗ 21200ನೇ ಲೈನಿನಲ್ಲಿ ಕಳೆಯೋದು ಮರೀಬೇಡಿ. ನಾನು ಮೊದಲೆರಡು ವರ್ಷ ಅದನ್ನೂ ಬಿಟ್ಟಿದ್ದೆ.