ಒಂದು ಚೀಲ ನೆಲ್ಲು, ಒಬ್ಬರ ಫೀಸು

"ಹುಡುಗರ ಕೈಗೆ ಹೋದ ರೊಕ್ಕ ತಿರುಗಿ ಬರ್ತದೇನ್ರಿ ಸರ?" ಸಿಂಧನೂರಿನ ಚಹಾ ಅಂಗಡಿಯಲ್ಲಿ ಹೀಗೆ ನಕ್ಕವರೇ ಜಾಸ್ತಿ. ಈಗ ನಾನು ಕಾಲೇಜು ಫೀಸಿಗೆ ಕೈಗಡ ಕೊಟ್ಟ 26 ಮಕ್ಕಳಲ್ಲಿ 23 ಮಂದಿ ತಿರುಗಿ ಕಟ್ಟಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಡಿಗ್ರಿ ಕಾಲೇಜಿನವರಿಗೆ ಈ ಕಥೆ ಗೊತ್ತು. ಫೀಸು ಕಟ್ಟಬೇಕಾದ್ದು ಅಡ್ಮಿಷನ್ ದಿನ. ಎಸ್‌ಎಸ್‌ಪಿ ದುಡ್ಡು, ಅಂದರೆ ಸರ್ಕಾರದ ವಿದ್ಯಾರ್ಥಿವೇತನ, ಬೀಳುವುದು ಯುಗಾದಿ ಹತ್ತಿರ ಬಂದಾಗ, ಕೆಲವರಿಗೆ ಇನ್ನೂ ತಡ. ಅಲ್ಲಿಯವರೆಗೆ ಅಪ್ಪ ತಿಂಗಳಿಗೆ ನೂರಕ್ಕೆ ಮೂರರ ಬಡ್ಡಿ ಸಾಲ ತರುತ್ತಾನೆ. ಇಲ್ಲಾ ಮಗಳನ್ನೂ ಕರೆದುಕೊಂಡು ಬೆಂಗಳೂರಿಗೆ ಗುಳೆ ಹೋಗುತ್ತಾನೆ. ಆ ಎಂಟು ತಿಂಗಳಿಗಷ್ಟೇ ಬಡ್ಡಿಯಿಲ್ಲದ ಕೈಗಡ ಕೊಡೋಣ ಅಂದುಕೊಂಡೆ.

ಮೊದಲ ವರ್ಷ ಚಂದಾ ಎತ್ತಿದೆ. ಸುಮಾರು 18,000 ಆಯಿತು. ಅಪ್ಪಂದಿರ ಕೈಗೆ ಕೊಟ್ಟು ಕೆಟ್ಟೆ. ಒಬ್ಬರು ಗೊಬ್ಬರದಂಗಡಿ ಬಾಕಿ ತೀರಿಸಿದರು. ಬೈಯಲು ಬಾಯಿ ಬರಲಿಲ್ಲ. ಬಾಂಡ್ ಪೇಪರ್ ಬರೆಸಿದರೆ ಹುಡುಗಿಯರು ಹೆದರಿ ಬರಲೇ ಇಲ್ಲ. ಸುಮ್ನೆ ಇರಲಿ ಅಂತ ಹೋಟೆಲುಗಳಲ್ಲಿ ಕ್ಯೂಆರ್ ಕೋಡ್ ಅಂಟಿಸಿದೆ. ಎರಡು ತಿಂಗಳಿಗೆ ಬಂದದ್ದು 340 ರೂಪಾಯಿ!

ಒಬ್ಬ ರೈತರು ದಾರಿ ತೋರಿಸಿದರು: "ರೊಕ್ಕ ಕೇಳಬ್ಯಾಡ್ರಿ ಸರ. ರಾಶಿ ಆದಾಗ ಒಂದು ಚೀಲ ನೆಲ್ಲು ಕೇಳ್ರಿ." ಬೇಸಿಗೆ ಬೆಳೆ ಏಪ್ರಿಲ್-ಮೇನಲ್ಲಿ ಬರುತ್ತದೆ, ಅಡ್ಮಿಷನ್‌ಗೆ ಸರಿಯಾಗಿ. 2023ರಲ್ಲಿ ಮಳೆ ಕೈಕೊಟ್ಟಿತು, ತುಂಗಭದ್ರಾ ಎಡದಂಡೆ ಕಾಲುವೆಗೆ ಮುಂದಿನ ಬೇಸಿಗೆಯಲ್ಲಿ ನೀರಿಲ್ಲ. ಸಿಕ್ಕಿದ್ದು 9 ಚೀಲ. 2025ರಲ್ಲಿ 80 ಚಿಲ್ಲರೆ. 75 ಕೆಜಿ ಚೀಲಕ್ಕೆ 1,450ರ ಆಸುಪಾಸು, ಒಟ್ಟು 1.2 ಲಕ್ಷ ಅಂತಿಟ್ಟುಕೊಳ್ಳಿ. ಮಿಲ್ಲಿನವರಿಂದ ಚೀಲಕ್ಕೆ ಮೂವತ್ತು ರೂಪಾಯಿ ಜಾಸ್ತಿ ಹೇಗೆ ಹೊರಡಿಸಿದೆ ಅನ್ನುವುದು ನನ್ನ ಹತ್ತಿರವೇ ಇರಲಿ.

ಫೀಸು ಈಗ ನೇರ ಕಾಲೇಜಿಗೇ ಕಟ್ಟುತ್ತೇನೆ. ಎನ್‌ಪಿಸಿಐ ಮ್ಯಾಪಿಂಗ್, ಅಂದರೆ ಸರ್ಕಾರದ ದುಡ್ಡು ಬೀಳಲು ಆಧಾರ್ ಯಾವ ಖಾತೆಗೆ ಜೋಡಣೆಯಾಗಿದೆ ಅನ್ನುವುದನ್ನು ತೋರಿಸದವರಿಗೆ ಕೈಗಡ ಇಲ್ಲ. ಒಬ್ಬಳ ವಿದ್ಯಾರ್ಥಿವೇತನ ಏಳು ತಿಂಗಳು ಅವಳು ಹೈಸ್ಕೂಲಿನಲ್ಲಿ ತೆರೆದು ಮರೆತ ಖಾತೆಯಲ್ಲಿ ಕೂತಿತ್ತು. ಆಧಾರ್ ಕೊನೆಯ ಸಲ ಜೋಡಿಸಿದ್ದು ಅಲ್ಲಿಗೇ! ಹಾಸ್ಟೆಲ್ ಸಿಗದೆ ವಿದ್ಯಾಸಿರಿ, ಅಂದರೆ ಊಟ-ವಸತಿಗೆ ಸರ್ಕಾರ ಕೊಡುವ ನೆರವು, ಪಡೆಯುವವರು ಎಲ್ಲರಿಗಿಂತ ಮೊದಲು ಕಟ್ಟುತ್ತಾರೆ.

ವಸೂಲಿಗೆ ನಾನು ಯಾರ ಮನೆಗೂ ಹೋಗುವುದಿಲ್ಲ. ಯಾರ ಚೀಲ ಯಾರ ಫೀಸಾಯಿತು ಅಂತ ಇಬ್ಬರಿಗೂ ಹೇಳಿಬಿಡುತ್ತೇನೆ, ಅಷ್ಟೇ.

ಉಳಿದ ಮೂವರಲ್ಲಿ ಇಬ್ಬರಿಗೆ ದುಡ್ಡೇ ಬಂದಿಲ್ಲ. ಇನ್ನೊಬ್ಬ ಫೋನ್ ಎತ್ತುತ್ತಿಲ್ಲ. ಅವನಿಗೆ ಚೀಲ ಕೊಟ್ಟ ರೈತರು ಮಾತ್ರ ಸಂತೆ ದಿನ ಸಿಕ್ಕಾಗಲೆಲ್ಲ ಕೇಳುತ್ತಾರೆ, "ನಮ್ಮ ಹುಡುಗ ಪಾಸಾದನೇನ್ರಿ?"