ಅಪೊಸ್ತಲರ ತಪ್ಪುಗಳನ್ನು ನಾಲ್ಕು ಕಾಲಂನಲ್ಲಿ ಓದಿಸಿದ್ದು: ನನ್ನ ಅನುಭವ

ಮಾರ್ಕನ ಸುವಾರ್ತೆ 10:35ರಲ್ಲಿ ಯೇಸುವಿನ ಬಲಕ್ಕೊಬ್ಬ ಎಡಕ್ಕೊಬ್ಬ ಕೂರುವ ಸ್ಥಾನ ಕೇಳುವವರು ಯಾಕೋಬ, ಯೋಹಾನರೇ; ಯೇಸು ಆರಿಸಿದ ಹನ್ನೆರಡು ಶಿಷ್ಯರಲ್ಲಿ, ಅಂದರೆ ಅಪೊಸ್ತಲರಲ್ಲಿ, ಇಬ್ಬರು. ಮತ್ತಾಯ 20:20ಕ್ಕೆ ಬಂದರೆ ಕೇಳುವುದು ಅವರ ತಾಯಿ. ಲೂಕನಲ್ಲಿ ಆ ಕೋರಿಕೆಯೇ ಇಲ್ಲ, ಆದರೆ ‘ನಮ್ಮಲ್ಲಿ ದೊಡ್ಡವನು ಯಾರು’ ಎಂಬ ಜಗಳ ಕಡೆಯ ಊಟದ ಪಂಕ್ತಿಗೇ ಬಂದಿದೆ (22:24). ಈ ಮೂರನ್ನೂ ಒಂದೇ ಹಾಳೆಯಲ್ಲಿ ಪಕ್ಕಪಕ್ಕ ಅಂಟಿಸಿ ಕೊಟ್ಟ ದಿನ ನಮ್ಮ ಬುಧವಾರದ ಸತ್ಯವೇದ ಅಧ್ಯಯನ ಕೂಟಕ್ಕೆ ಜೀವ ಬಂತು. ಎಂಟೊಂಬತ್ತು ಜನ ಬರುತ್ತಿದ್ದ ಕಡೆ ಹನ್ನೆರಡನೆಯ ವಾರಕ್ಕೆ 25–30 ಜನ ಕೂತಿದ್ದರು. ‘ಅಪೊಸ್ತಲರ ತಪ್ಪು ಎತ್ತಿ ಆಡಿದರೆ ಹುಡುಗರ ಭಕ್ತಿ ಕೆಡುತ್ತದೆ’ ಎಂದಿದ್ದ ಹಿರಿಯರೇ ಈಗ ಹಾಳೆ ಕೇಳಿ ಒಯ್ಯುತ್ತಾರೆ. ಕೂಟ ನಡೆಸುವವರಿಗೆ ಉಪಯೋಗವಾಗಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಮೊದಲು ಕೆಟ್ಟದ್ದನ್ನು ಹೇಳುತ್ತೇನೆ. ವಾರಕ್ಕೊಬ್ಬ ಅಪೊಸ್ತಲ, ಹನ್ನೆರಡು ವಾರ ಎಂಬ ಯೋಜನೆ ನೋಡಲು ಚೆಂದ, ನಡೆಸಲು ಆಗುವುದಿಲ್ಲ. ಪೇತ್ರನಿಗೆ ಐದು ವಾರ ಸಾಲದು. ಅಲ್ಫಾಯನ ಮಗನಾದ ಯಾಕೋಬನ ವಿಷಯದಲ್ಲಿ ಹೆಸರು ಬಿಟ್ಟರೆ ಓದಲು ಒಂದು ವಾಕ್ಯ ಸಿಗುವುದಿಲ್ಲ. ಆ ಖಾಲಿ ತುಂಬಿಸಲು ನಂತರದ ದಂತಕಥೆಗಳನ್ನು ತಂದರೆ, ಜನ ‘ಇವನು ಹೇಗೆ ಸತ್ತ’ ಎಂದು ಕೇಳಲು ಬರುತ್ತಾರೆ. ಅದಕ್ಕೆಂದು ಹನ್ನೆರಡು ಚಿತ್ರಗಳ ಸೆಟ್ ತರಿಸಿದೆ, ವಾರವಾರ ಪ್ರೊಜೆಕ್ಟರ್ ಬಾಡಿಗೆ ಕೊಟ್ಟೆ. ಹತ್ತಿರ ಹತ್ತಿರ ₹7,500 ಹೋಯಿತು. ಚಿತ್ರದಲ್ಲಿ ಪೇತ್ರನ ಕೈಯಲ್ಲಿ ಬೀಗದ ಕೈ, ಬಾರ್ತೊಲೊಮಾಯನ ಕೈಯಲ್ಲಿ ಚೂರಿ, ಎಲ್ಲರ ತಲೆಯ ಸುತ್ತ ಪ್ರಭಾವಳಿ. ಪ್ರಭಾವಳಿ ನೋಡಿದ ಕಣ್ಣಿಗೆ ತಪ್ಪು ಕಾಣುವುದಿಲ್ಲ.

ಎರಡನೆಯದು ನಾಟಕ. ಬಟ್ಟೆ, ಮೈಕು ಸೇರಿ ₹4,000. ಯೇಸುವನ್ನು ಹಿಡಿದುಕೊಟ್ಟ ಯೂದನ ಪಾತ್ರವನ್ನು ಯಾರಿಗೂ, ಅದರಲ್ಲೂ ಮಕ್ಕಳಿಗೆ, ಕೊಡಲೇಬೇಡಿ. ವೇಷ ಕಳಚಿದ ಮೇಲೂ ಆ ಹೆಸರು ಮಗುವಿಗೆ ಅಂಟಿಕೊಂಡೇ ಇರುತ್ತದೆ.

ಮೂರನೆಯದು ಗುಣ–ದೋಷದ ಪಟ್ಟಿ. ಪೇತ್ರ ದುಡುಕಿನವ, ತೋಮ ಸಂಶಯದವ ಎಂದು ಬರೆದುಕೊಂಡು ‘ನಿಮ್ಮಲ್ಲಿ ಯಾವ ದೋಷವಿದೆ’ ಎಂದು ಕೇಳಿದರೆ ಕೋಣೆ ಸ್ತಬ್ಧವಾಗುತ್ತದೆ. ನಾಲ್ಕು ಜನರೆದುರು ತನ್ನ ದೋಷ ಯಾರೂ ಹೇಳುವುದಿಲ್ಲ, ಹೇಳಬಾರದು ಕೂಡ.

ನಡೆದ ಕ್ರಮ ಇದು. ವ್ಯಕ್ತಿಯನ್ನು ಬಿಡಿ, ಘಟನೆ ಹಿಡಿಯಿರಿ. ಎ-3 ಹಾಳೆಯನ್ನು ಅಡ್ಡ ಇಟ್ಟು ನಾಲ್ಕು ಕಾಲಂ ಮಾಡಿ, ಮತ್ತಾಯ, ಮಾರ್ಕ, ಲೂಕ, ಯೋಹಾನ ಎಂದು ಸುವಾರ್ತೆಗೊಂದು. ಒಂದೇ ಕೆಲಸ ಎಲ್ಲ ಕಾಲಂಗಳಲ್ಲೂ ಒಂದೇ ಗೆರೆಗೆ ಬರುವಂತೆ ಜೋಡಿಸಬೇಕು, ಮೇಲೆ ಕೆಳಗಾದರೆ ವ್ಯತ್ಯಾಸ ಕಣ್ಣಿಗೆ ಬೀಳುವುದಿಲ್ಲ. ಒಬ್ಬ ಸುವಾರ್ತಿಕ ಆ ಸಂಗತಿ ಹೇಳದಿದ್ದರೆ ಅವನ ಕಾಲಂ ತೆಗೆಯಬೇಡಿ, ಖಾಲಿ ಬಿಡಿ. ನನ್ನ ಮಟ್ಟಿಗೆ ಹಾಳೆಯಲ್ಲಿ ಅತಿ ಹೆಚ್ಚು ಮಾತಾಡಿಸುವುದು ಆ ಖಾಲಿ ಜಾಗವೇ. ಅಕ್ಷರದ ಗಾತ್ರ 14 ಪಾಯಿಂಟಿಗಿಂತ ಸಣ್ಣದಿರಬಾರದು. ವಚನದ ಸಂಖ್ಯೆ ಇರಲಿ, ಭಾಗದ ತಲೆಬರಹಗಳನ್ನು ಮಾತ್ರ ಕತ್ತರಿಸಿ ಬಿಸಾಡಿ. ‘ಪೇತ್ರನು ಯೇಸುವನ್ನು ಅಲ್ಲಗಳೆದದ್ದು’ ಎಂದು ಮೇಲೆಯೇ ಅಚ್ಚಾಗಿದ್ದರೆ ಓದುವವನು ತೀರ್ಪಿನಿಂದ ಶುರುಮಾಡುತ್ತಾನೆ. ಸುವಾರ್ತಿಕನ ಹೆಸರನ್ನೂ ಮೊದಲ ಇಪ್ಪತ್ತು ನಿಮಿಷ ಮಡಚಿಡಿ.

ಇಬ್ಬರಿಗೊಂದು ಹಾಳೆ. ದೂಷಿಸುವ ಮಾತಿಗೆ ಕೆಂಪು ಗೆರೆ, ತಪ್ಪನ್ನು ತಗ್ಗಿಸುವ ಮಾತಿಗೆ ಹಸಿರು. ಸ್ಕೆಚ್ ಪೆನ್ ಜೆರಾಕ್ಸ್ ಹಾಳೆಯ ಹಿಂದಕ್ಕೆ ಇಳಿಯುತ್ತದೆ, ಬಣ್ಣದ ಪೆನ್ಸಿಲ್ ಕೊಡಿ. ಒಂದು ನಿಯಮ ಕಟ್ಟುನಿಟ್ಟು: ಕ್ರಿಯಾಪದ ಬರೆಯುವ ಮೊದಲು ವಿಶೇಷಣ ಬರೆಯುವಂತಿಲ್ಲ. ‘ಹೇಡಿ’ ಎಂದು ಬರೆಯಬಾರದು, ‘ಓಡಿದ’ ಎಂದು ಬರೆಯಬೇಕು. ಈ ಒಂದು ನಿಯಮದಿಂದ ಅರ್ಧ ಜಗಳ ನಿಲ್ಲುತ್ತದೆ. ಮೌನ ಓದು 15 ನಿಮಿಷ, ಗೆರೆ ಎಳೆಯಲು 20, ಮಾತಿಗೆ 30. ಕೊನೆಯ ಹತ್ತು ನಿಮಿಷಕ್ಕೆ ಒಂದೇ ಪ್ರಶ್ನೆ ಇಟ್ಟುಕೊಂಡಿದ್ದೇನೆ. ಅದನ್ನು ಇಲ್ಲಿ ಬರೆಯುವುದಿಲ್ಲ, ಮೊದಲೇ ತಿಳಿದುಬಂದವರಿಗೆ ಅದು ನಾಟುವುದಿಲ್ಲ.

ಕ್ಯಾಥೊಲಿಕ್ ಮನೆಗಳವರು ಕೂತಿದ್ದರೆ ಎರಡೂ ಅನುವಾದ ಜೊತೆಗಿರಲಿ. ಅವರಿಗೆ ಶುಭಸಂದೇಶ, ಪ್ರೇಷಿತರು, ಯೊವಾನ್ನ; ನಮಗೆ ಸುವಾರ್ತೆ, ಅಪೊಸ್ತಲರು, ಯೋಹಾನ. ಮೊದಲ ದಿನವೇ ಈ ಜೋಡಿಪದಗಳನ್ನು ಬೋರ್ಡಿನ ಮೂಲೆಯಲ್ಲಿ ಬರೆದುಬಿಡಿ.

ಪೇತ್ರ ಅಲ್ಲಗಳೆದದ್ದರಿಂದ ಶುರುಮಾಡಬೇಡಿ, ಅದು ಎಲ್ಲರಿಗೂ ಬಾಯಿಪಾಠ. ಫಿಲಿಪ್ಪನ ಲೆಕ್ಕದಿಂದ ಶುರುಮಾಡಿ (ಯೋಹಾನ 6:7). ಇಷ್ಟು ಜನರಿಗೆ ರೊಟ್ಟಿ ಎಲ್ಲಿಂದ ತರೋಣ ಎಂದು ಯೇಸು ಕೇಳಿದಾಗ, ಇನ್ನೂರು ದೆನಾರಿಯ ರೊಟ್ಟಿ ತಂದರೂ ಒಬ್ಬೊಬ್ಬರಿಗೆ ಚೂರು ಚೂರೂ ಸಾಲದು ಎನ್ನುತ್ತಾನೆ. ಮತ್ತಾಯ 20:2ರ ಪ್ರಕಾರ ದೆನಾರಿ ಎಂದರೆ ತೋಟದಾಳಿನ ಒಂದು ದಿನದ ಕೂಲಿ. ನಿಮ್ಮ ಊರಿನ ಕೂಲಿ ಹಾಕಿ ನೋಡಿ. ನಾವು ₹600 ಹಿಡಿದೆವು: 200 ದಿನಕ್ಕೆ ₹1,20,000. ಗಂಡಸರೇ 5,000 ಎಂದರೆ ತಲೆಗೆ ₹24. ಮನುಷ್ಯನ ಲೆಕ್ಕ ಸರಿಯಾಗಿಯೇ ಇದೆ! ಫಿಲಿಪ್ಪನನ್ನು ಅವಿಶ್ವಾಸಿ ಎಂದು ಬೈಯುತ್ತಿದ್ದವರು ಇಲ್ಲಿ ತಡೆದು ನಿಲ್ಲುತ್ತಾರೆ. ಲೆಕ್ಕ ತಪ್ಪಿಲ್ಲ, ಲೆಕ್ಕದಲ್ಲಿ ಯಾರನ್ನು ಸೇರಿಸಲಿಲ್ಲ ಎಂಬುದಷ್ಟೇ ಪ್ರಶ್ನೆ.

ಅದೇ ಕೂಲಿದರವನ್ನು ತೈಲದ ಘಟನೆಗೂ ಇಟ್ಟುಕೊಳ್ಳಿ. ಬೇಥಾನ್ಯದಲ್ಲಿ ಒಬ್ಬ ಹೆಂಗಸು ಯೇಸುವಿನ ಮೇಲೆ ಸುರಿದ ಸುಗಂಧ ತೈಲದ ಬೆಲೆ 300 ದೆನಾರಿ, ಅಂದರೆ ₹1,80,000. ಯೂದ ಪಡೆದ ಮೂವತ್ತು ಬೆಳ್ಳಿ ನಾಣ್ಯ (ಈ ಸಂಖ್ಯೆ ಮತ್ತಾಯನಲ್ಲಿ ಮಾತ್ರ) ಶೆಕೆಲ್ ಆಗಿದ್ದರೆ ನಾಣ್ಯಕ್ಕೆ ನಾಲ್ಕು ದೆನಾರಿಯಂತೆ 120, ಅಂದರೆ ₹72,000. ತೈಲದ ಬೆಲೆಯ ಅರ್ಧವೂ ಇಲ್ಲ. ಬೋರ್ಡಿನ ಮೇಲೆ ಈ ಎರಡು ಮೊತ್ತ ಬರೆದು ಸುಮ್ಮನಿರಿ. ಆಮೇಲೆ ಕಾಲಂಗಳಿಗೆ ಬನ್ನಿ. ‘ಇದನ್ನು ಮಾರಿ ಬಡವರಿಗೆ ಕೊಡಬಹುದಿತ್ತು’ ಎಂದವರು ಯಾರು? ಮಾರ್ಕನಲ್ಲಿ ಕೆಲವರು. ಮತ್ತಾಯನಲ್ಲಿ ಶಿಷ್ಯರು. ಯೋಹಾನನಲ್ಲಿ ಯೂದನೊಬ್ಬನೇ, ಹಣದ ಚೀಲದಿಂದ ಕದಿಯುತ್ತಿದ್ದ ಎಂಬ ಮಾತಿನ ಸಮೇತ. ಎಲ್ಲರೂ ಗೊಣಗಿದ ತಪ್ಪು ಕೊನೆಗೆ ಒಬ್ಬನ ತಲೆಗೆ ಬಂದು ನಿಂತಿದೆ. ಸಭೆಯ ಲೆಕ್ಕಪತ್ರದ ಜಗಳ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಸ್ಥಾನ ಕೇಳಿದ ಘಟನೆಯಲ್ಲಿ ಕನ್ನಡ ಓದುಗರು ಎಡವುವ ಒಂದು ಜಾಗವಿದೆ. ಮತ್ತಾಯ 20:22ರಲ್ಲಿ ತಾಯಿ ಕೇಳಿದ ಮೇಲೆ ಯೇಸು ‘ನೀವು ಏನು ಬೇಡುತ್ತೀರೋ ನಿಮಗೆ ತಿಳಿಯದು’ ಎನ್ನುತ್ತಾನೆ. ನಮ್ಮಲ್ಲಿ ‘ನೀವು’ ಗೌರವಕ್ಕೂ ಬರುವುದರಿಂದ ಇದು ತಾಯಿಗೆ ಹೇಳಿದ್ದೆಂದು ದಾಟಿಬಿಡುತ್ತಾರೆ. ಅಲ್ಲ, ಅದು ಬಹುವಚನ. ‘ನಮ್ಮಿಂದಾಗುತ್ತದೆ’ ಎಂದು ಉತ್ತರ ಕೊಡುವವರು ಮಕ್ಕಳೇ. ತಾಯಿಯನ್ನು ಮುಂದೆ ಬಿಟ್ಟರೂ ಪ್ರಶ್ನೆ ಮಕ್ಕಳ ಬಳಿಗೇ ಹೋಯಿತು. ಇನ್ನೊಂದು ಕಡೆ ಕನ್ನಡವೇ ಕೈಹಿಡಿಯುತ್ತದೆ. ಲೂಕ 22:31–32ರಲ್ಲಿ ಸೈತಾನ ಜರಡಿ ಹಿಡಿಯಲು ಕೇಳಿದ್ದು ‘ನಿಮ್ಮನ್ನು’ (ಶಿಷ್ಯರೆಲ್ಲರನ್ನು), ಯೇಸು ಪ್ರಾರ್ಥಿಸಿದ್ದು ‘ನಿನಗಾಗಿ’ (ಪೇತ್ರನೊಬ್ಬನಿಗಾಗಿ). ಇಂಗ್ಲಿಷ್ ಬೈಬಲಿನಲ್ಲಿ ಸಾಮಾನ್ಯವಾಗಿ ಎರಡಕ್ಕೂ ಒಂದೇ ಪದ. ಕನ್ನಡದಲ್ಲಿ ಓದುವ ಅಜ್ಜಿಗೆ ಇದು ತಾನಾಗಿ ಕಾಣುತ್ತದೆ.

ನಡುವೆ ಒಂದು ಪ್ರಯೋಗ. 1986ರಲ್ಲಿ ಬರದಿಂದ ಗಲಿಲಾಯ ಸರೋವರದ ನೀರು ಇಳಿದಾಗ ಗಿನೋಸಾರ್ ಬಳಿ ಒಂದನೆಯ ಶತಮಾನದ ಸುಮಾರಿನ ದೋಣಿಯೊಂದು ಸಿಕ್ಕಿತು. ಉದ್ದ ಎಂಟು ಮೀಟರಿಗಿಂತ ಸ್ವಲ್ಪ ಹೆಚ್ಚು, ಅಗಲ 2.3 ಮೀಟರ್. ನೆಲದ ಮೇಲೆ ಸೀಮೆಸುಣ್ಣದಲ್ಲಿ 27 ಅಡಿ ಉದ್ದ, 7.5 ಅಡಿ ಅಗಲ ಗೆರೆ ಎಳೆದು ಎರಡು ತುದಿ ಚೂಪು ಮಾಡಿ, ಹದಿಮೂರು ಜನರನ್ನು ಕೂರಿಸಿ, ಬಿರುಗಾಳಿಯಲ್ಲೂ ಯೇಸು ದೋಣಿಯಲ್ಲಿ ಮಲಗಿರುವ ಮಾರ್ಕ 4:35–41 ಓದಿಸಿ. ಮಲಗಿದವನು ಒಬ್ಬನಾದರೆ ಉಳಿದವರಿಗೆ ಕಾಲು ಚಾಚಲು ಜಾಗವಿಲ್ಲ. ‘ನಾವು ಮುಳುಗಿಹೋಗುವುದು ನಿನಗೆ ಚಿಂತೆಯಿಲ್ಲವೇ’ ಎಂಬ ಮಾತಿನ ಸಿಟ್ಟು ಆಗ ಗೊತ್ತಾಗುತ್ತದೆ. ಮತ್ತಾಯನ ಕಾಲಂನಲ್ಲಿ ಆ ಸಿಟ್ಟು ‘ಕರ್ತನೇ, ಕಾಪಾಡು’ ಎಂಬ ಮೊರೆಯಾಗಿದೆ, ಅದಕ್ಕೆ ಹಸಿರು ಗೆರೆ.

ಹೆಸರಷ್ಟೇ ಇರುವವರಿಗೆಲ್ಲ ಒಂದೇ ಸಂಜೆ ಸಾಕು. ನಾಲ್ಕು ಪಟ್ಟಿಗಳನ್ನು (ಮತ್ತಾಯ 10, ಮಾರ್ಕ 3, ಲೂಕ 6, ಅಪೊಸ್ತಲರ ಕೃತ್ಯಗಳು 1) ಪಕ್ಕಪಕ್ಕ ಇಡಿ. ಒಂದನೆಯ, ಐದನೆಯ, ಒಂಬತ್ತನೆಯ ಹೆಸರುಗಳು ಎಲ್ಲದರಲ್ಲೂ ಒಂದೇ: ಪೇತ್ರ, ಫಿಲಿಪ್ಪ, ಅಲ್ಫಾಯನ ಯಾಕೋಬ. ನಾಲ್ವರಂತೆ ಮೂರು ಗುಂಪು (ಅಪೊಸ್ತಲರ ಕೃತ್ಯಗಳಲ್ಲಿ ಯೂದನಿಲ್ಲದ್ದರಿಂದ ಕೊನೆಯ ಗುಂಪಿನಲ್ಲಿ ಮೂವರೇ). ಸುಂಕದ ಮತ್ತಾಯನೂ ಮತಾಭಿಮಾನಿ ಸೀಮೋನನೂ ಒಂದೇ ಪಟ್ಟಿಯಲ್ಲಿರುವುದರ ಮೇಲೆ ಮಾತು ಬೆಳೆಯುತ್ತದೆ. ಎರಡು ಎಚ್ಚರಿಕೆ. ಕಪೆರ್ನೌಮಿನ ಸುಂಕ ಹೋಗುತ್ತಿದ್ದದ್ದು ಗಲಿಲಾಯವನ್ನು ಆಳುತ್ತಿದ್ದ ಹೆರೋದ ಅಂತಿಪನ ಬೊಕ್ಕಸಕ್ಕೆ, ನೇರ ರೋಮಿಗಲ್ಲ. ಸೀಮೋನನ ಬಿರುದನ್ನು ಹಿಡಿದು ಅವನ ಕೈಗೆ ಕತ್ತಿ ಕೊಡಬೇಡಿ. ಆ ಪದ ಸಶಸ್ತ್ರ ಪಕ್ಷದ ಹೆಸರಾಗಿ ಗಟ್ಟಿಯಾದದ್ದು ಕ್ರಿ.ಶ. 66ರ ದಂಗೆಯ ಹೊತ್ತಿಗೆ.

ಯೇಸುವನ್ನು ಹಿಡಿದ ರಾತ್ರಿ ‘ಅವನನ್ನು ನಾನರಿಯೆ’ ಎಂದು ಪೇತ್ರ ಮೂರು ಸಲ ಅಲ್ಲಗಳೆದದ್ದಕ್ಕೆ ಎರಡು ವಾರ ಬೇಕು. ನಾಲ್ಕೂ ಕಾಲಂ ತುಂಬಿರುವ ಸಂಗತಿ ಇದು. ಮಾರ್ಕನಲ್ಲಿ ಕೋಳಿ ಎರಡು ಸಲ ಕೂಗುತ್ತದೆ, ಪೇತ್ರ ಶಪಿಸಿಕೊಂಡು ಆಣೆ ಇಡುತ್ತಾನೆ. ಲೂಕನಲ್ಲಿ ಆಣೆಯಿಲ್ಲ, ಬದಲಿಗೆ ಕರ್ತನು ತಿರುಗಿ ಪೇತ್ರನನ್ನು ನೋಡುವ ಒಂದು ನೋಟವಿದೆ (22:61). ಯೋಹಾನನಲ್ಲಿ ಮೂರನೆಯ ಸಲ ಕೇಳುವವನು, ಪೇತ್ರ ಕಿವಿ ಕತ್ತರಿಸಿದ ಮಲ್ಕನ ಬಂಧು. ಕತ್ತಿ ಎತ್ತಿದವನು ಪೇತ್ರ ಎಂದು ಹೆಸರು ಹೇಳಿರುವುದೂ ಯೋಹಾನನೊಬ್ಬನೇ. ಯೇಸುವನ್ನು ಹಿಡಿದ ತೋಟದಲ್ಲಿ ಶಿಷ್ಯರೆಲ್ಲರೂ ಓಡಿಹೋದ ಮಾತು (ಮಾರ್ಕ 14:50) ಲೂಕನಲ್ಲಿ ಕಾಣುವುದಿಲ್ಲ. ಅಲ್ಲಿ ಅವರು ನಿದ್ದೆಹೋದದ್ದಕ್ಕೂ ಲೂಕ ‘ದುಃಖದಿಂದ’ ಎಂಬ ಕಾರಣ ಸೇರಿಸಿದ್ದಾನೆ. ಅವನ ಕಾಲಂ ಹಸಿರೋ ಹಸಿರು. ಕಟುವಾದ ಕಾಲಂ ಮಾರ್ಕನದು. ಮಾರ್ಕನು ಪೇತ್ರನ ದುಭಾಷಿಯಾಗಿದ್ದ, ಅವನಿಂದ ಕೇಳಿದ್ದನ್ನೇ ಬರೆದ ಎಂದು ಎರಡನೆಯ ಶತಮಾನದ ಬಿಷಪ್ ಪಾಪಿಯಾಸ್ ಹೇಳಿದ್ದು, ಸಭೆಯ ಇತಿಹಾಸ ಬರೆದ ಯೂಸೇಬಿಯಸನ ಮೂಲಕ ನಮಗೆ ಉಳಿದಿದೆ. ಹಾಗಿದ್ದರೆ ಆ ಕೆಂಪು ಗೆರೆಗಳು ಪೇತ್ರನ ಬಾಯಿಂದಲೇ ಬಂದವು. ಭಕ್ತಿ ಕೆಡುತ್ತದೆ ಎಂದವರ ಮುಂದೆ ಈ ಮಾತು ಇಟ್ಟ ಮೇಲೆ ಯಾರೂ ತಕರಾರು ಎತ್ತಲಿಲ್ಲ. ನಾಲ್ಕು ಕಾಲಂಗಳನ್ನು ಯಾವ ಅನುಕ್ರಮದಲ್ಲಿ ಬಿಚ್ಚಬೇಕು ಎಂಬುದು ನನ್ನ ಬಳಿಯೇ ಇರಲಿ. ಎರಡು ಸಲ ನಡೆಸಿದರೆ ನಿಮಗೇ ಸಿಗುತ್ತದೆ.

ಎರಡನೆಯ ವಾರ ಇದ್ದಲು. ಇದ್ದಲ ಬೆಂಕಿಗೆ ಯೋಹಾನ ಬಳಸುವ ಗ್ರೀಕ್ ಪದ ‘ಅಂತ್ರಾಕಿಯಾ’ ಹೊಸ ಒಡಂಬಡಿಕೆಯಲ್ಲಿ ಎರಡೇ ಕಡೆ ಬರುತ್ತದೆ: ಅಲ್ಲಗಳೆದ ಅಂಗಳದಲ್ಲಿ (18:18), ಮತ್ತೆ ಯೇಸು ಸತ್ತು ಎದ್ದ ಮೇಲೆ ದಡದಲ್ಲಿ ಮೀನು ಸುಡುವಾಗ (21:9). ಮೊದಲ ಬೆಂಕಿಯ ರಾತ್ರಿ ಪೇತ್ರ ಮೂರು ಸಲ ಅಲ್ಲಗಳೆದ, ಎರಡನೆಯ ಬೆಂಕಿಯ ಬಳಿ ಯೇಸು ಅವನನ್ನು ಮೂರು ಸಲ ‘ನನ್ನನ್ನು ಪ್ರೀತಿಸುತ್ತೀಯಾ’ ಎಂದು ಕೇಳಿದ. ಎರಡು ಕೆಜಿ ಇದ್ದಲು ತಂದು ಅಗ್ಗಿಷ್ಟಿಕೆಯಲ್ಲಿ ಹೊತ್ತಿಸಿ, ದೀಪ ಆರಿಸಿ ಎರಡು ಭಾಗಗಳನ್ನೂ ಬೆನ್ನುಬೆನ್ನಿಗೆ ಓದಿಸಿ. ಕಡ್ಡಾಯವಾಗಿ ಹೊರಗೆ, ಅಂಗಳದಲ್ಲಿ. ಮುಚ್ಚಿದ ಕೋಣೆಯಲ್ಲಿ ಇದ್ದಲ ಹೊಗೆ ಪ್ರಾಣಕ್ಕೆ ಅಪಾಯ. ವಿವರಣೆ ಕೊಡಬೇಡಿ, ವಾಸನೆಯೇ ನೆನಪಿಸುತ್ತದೆ.

ತೋಮನ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಯೋಹಾನ 11:16ನ್ನು, ಯೇಸುವಿನ ಗಾಯ ಮುಟ್ಟದೆ ನಂಬುವುದಿಲ್ಲ ಎಂದು ಅವನು ಹೇಳುವ 20:25ಕ್ಕಿಂತ ಮೊದಲು ಓದಿಸಿ. ‘ನಾವೂ ಹೋಗಿ ಆತನೊಂದಿಗೆ ಸಾಯೋಣ’ ಎಂದವನು ಅವನೇ. ಗಾಯ ಮುಟ್ಟಿದ ಎಂದು ವಚನದಲ್ಲಿಲ್ಲ, ಚಿತ್ರಗಳಲ್ಲಿದೆ.

ಹೆಚ್ಚು ಜನ ಕೆಡಿಸುವುದು ಅಂತಿಯೋಕ್ಯದ ಘಟನೆಯನ್ನು (ಗಲಾತ್ಯ 2:11–14). ಅನ್ಯಜನರೊಂದಿಗೆ (ಯೆಹೂದ್ಯರಲ್ಲದವರೊಂದಿಗೆ) ಉಣ್ಣುತ್ತಿದ್ದ ಪೇತ್ರ, ಯೆರೂಸಲೇಮ್ ಸಭೆಯ ಮುಖಂಡ ಯಾಕೋಬನ ಕಡೆಯವರು ಬಂದಾಗ ಪಂಕ್ತಿಯಿಂದ ಹಿಂದೆ ಸರಿದ, ಪೌಲನ ಜೊತೆಗಾರ ಬಾರ್ನಬನೂ ಪೇತ್ರನ ಜೊತೆಗೆ ಹೋದ, ಪೌಲ ಎಲ್ಲರೆದುರು ಗದರಿಸಿದ. ಯಾರೊಂದಿಗೆ ಕೂತು ಉಂಡೆ ಎಂಬುದು ನಮ್ಮ ಊರುಗಳಲ್ಲಿ ಇನ್ನೂ ಸುಡುವ ಪ್ರಶ್ನೆ, ಆದ್ದರಿಂದ ಮಾತು ಬೇಗ ಬಿಸಿಯಾಗುತ್ತದೆ. ಇಲ್ಲಿ ಒಂದೇ ಕಾಲಂ ಇದೆ, ಪೌಲನದು. ಪೇತ್ರನ ಉತ್ತರ ಎಲ್ಲೂ ದಾಖಲಾಗಿಲ್ಲ. ‘ಪೇತ್ರ ಒಪ್ಪಿಕೊಂಡ’ ಎಂದು ನೀವು ಮುಗಿಸಿಕೊಟ್ಟರೆ ಕೆಲಸ ಕೆಟ್ಟಿತು. ಪಕ್ಕದ ಕಾಲಂ ಖಾಲಿ ಬಿಟ್ಟೇ ಕೊಡಿ. ಪೌಲನೂ ಹಾಗೇ ತಪ್ಪಿಸಿಕೊಳ್ಳಬಾರದು. ಮುಂದಿನ ವಾರವೇ ಅಪೊಸ್ತಲರ ಕೃತ್ಯಗಳು 15:36–40 ಇಡಿ. ಪಂಪುಲ್ಯದಲ್ಲಿ ಬಿಟ್ಟುಹೋದ ಮಾರ್ಕನನ್ನು ಸೇರಿಸಿಕೊಳ್ಳುವ ವಿಷಯಕ್ಕೆ ಪೌಲ–ಬಾರ್ನಬ ಜಗಳವಾಡಿ ಬೇರೆಯಾದರು. ಆ ಪುಸ್ತಕವನ್ನೂ ಬರೆದ ಲೂಕ ತೀರ್ಪು ಕೊಡುವುದಿಲ್ಲ. ಆದರೆ ಫಿಲೆಮೋನನಿಗೆ ಬರೆದ ಪತ್ರದ 24ನೆಯ ವಚನದಲ್ಲಿ ಪೌಲನ ಜೊತೆಕೆಲಸದವರ ಹೆಸರುಗಳಲ್ಲಿ ಮಾರ್ಕನಿದ್ದಾನೆ. ಆ ಒಂದು ಹೆಸರನ್ನು ಹುಡುಕಿ ತೆಗೆಯಲು ಬಿಡಿ, ನೀವು ತೋರಿಸಬೇಡಿ.

ಒಟ್ಟು ಖರ್ಚು ಜೆರಾಕ್ಸ್, ಪೆನ್ಸಿಲ್, ಸೀಮೆಸುಣ್ಣ, ಇದ್ದಲು ಸೇರಿ ₹2,300ರ ಸುಮಾರು. ಮೊದಲೆರಡು ಪ್ರಯತ್ನಗಳಿಗೆ ಸುರಿದದ್ದರ ಕಾಲುಭಾಗವೂ ಆಗಲಿಲ್ಲ. ಈಗ ಮಹಿಳಾ ಕೂಟದವರಿಗೆ ಹೊಸ ಹಾಳೆ ಜೋಡಿಸುತ್ತಿದ್ದೇನೆ. ಸಮಾಧಿಯಿಂದ ಬಂದ ಹೆಂಗಸರ ಮಾತು ಅಪೊಸ್ತಲರಿಗೆ ಬರೀ ಹರಟೆಯಾಗಿ ಕಂಡಿತು ಎನ್ನುವ ಲೂಕ 24:11ರಿಂದ ಅದು ಶುರುವಾಗುತ್ತದೆ. ಎಲ್ಲ ಕಡೆ ಹಸಿರು ಬಳಿದ ಲೂಕ ಇಲ್ಲಿ ಮಾತ್ರ ಯಾಕೆ ತಗ್ಗಿಸಲಿಲ್ಲ ಎಂಬುದನ್ನು ಅವರೇ ಗೆರೆ ಎಳೆದು ನೋಡಲಿ.