ನಾಲ್ಕು ಗಂಟೆಯ 'ಆಕ್ಯುಪೈಡ್ ಸಿಟಿ' ನೋಡೋದು ಹೇಗೆ?

ಸ್ಟೀವ್ ಮೆಕ್ವೀನ್ ಅವರ ಈ 2023ರ ಸಾಕ್ಷ್ಯಚಿತ್ರದಲ್ಲಿ ಯುದ್ಧಕಾಲದ ಹಳೇ ದೃಶ್ಯ ಒಂದೂ ಇಲ್ಲ. ಕಾಣೋದು ಇವತ್ತಿನ ಆಮ್‌ಸ್ಟರ್‌ಡ್ಯಾಮ್, ಕೇಳಿಸೋದು ನಾಜಿಗಳ ಕಾಲದಲ್ಲಿ ಅದೇ ವಿಳಾಸದಲ್ಲಿ ಏನಾಯ್ತು ಅನ್ನೋದು. ಕಥೆ ವರ್ಷದ ಕ್ರಮದಲ್ಲೂ ಸಾಗಲ್ಲ, ಹಾಗಾಗಿ ಕೆಲವು ದಿನಾಂಕ ಮೊದಲೇ ತಲೆಯಲ್ಲಿರಲಿ.

1940ರ ಮೇ 10ರಂದು ನೆದರ್ಲೆಂಡ್ಸ್ ಮೇಲೆ ಜರ್ಮನ್ ದಾಳಿ. 1941ರ ಫೆಬ್ರವರಿ 25ರಂದು, ಯಹೂದಿಗಳನ್ನು ಹಿಡಿದೊಯ್ದದ್ದಕ್ಕೆ ಸಿಟ್ಟಾಗಿ ಟ್ರಾಮ್ ನೌಕರರು, ಬಂದರು ಕಾರ್ಮಿಕರೆಲ್ಲ ಮುಷ್ಕರಕ್ಕೆ ಇಳಿದರು. 1942ರ ಜುಲೈನಿಂದ ಯಹೂದಿಗಳನ್ನು ನಾಜಿ ಶಿಬಿರಗಳಿಗೆ ಸಾಮೂಹಿಕ ಗಡೀಪಾರು. 1944-45ರ ಚಳಿಗಾಲದಲ್ಲಿ ಬರಗಾಲ, ಜನ ಟುಲಿಪ್ ಗೆಡ್ಡೆ ತಿಂದರು. 1945ರ ಮೇ 5ಕ್ಕೆ ಬಿಡುಗಡೆ. ಇಷ್ಟು ಸಾಕು.

ಪಕ್ಕದಲ್ಲಿ ಊರಿನ ನಕ್ಷೆ ತೆರೆದಿಡಿ. ಹಾಲಂಡ್ಸೆ ಸ್ಖೌಬರ್ಗ್ ಅನ್ನೋ ನಾಟಕಶಾಲೆ ಹುಡುಕಿ. ಗಡೀಪಾರಿಗೆ ಮುಂಚೆ ಯಹೂದಿಗಳನ್ನು ಕೂಡಿಹಾಕಿದ್ದು ಅಲ್ಲೇ. ಎದುರುಗಡೆ ಶಿಶುವಿಹಾರ ಇತ್ತು, ಟ್ರಾಮ್ ಬಂದು ನಿಂತು ಕಾವಲುಗಾರರ ಕಣ್ಣಿಗೆ ಅಡ್ಡವಾದ ಆ ಒಂದು ಗಳಿಗೆಯಲ್ಲಿ ಯಹೂದಿ ಮಕ್ಕಳನ್ನು ಉಳಿಸೋಕೆ ಅಲ್ಲಿಂದ ಗುಟ್ಟಾಗಿ ಹೊರಗೆ ಸಾಗಿಸುತ್ತಿದ್ದರು. ಅದಕ್ಕೇ ನಕ್ಷೆ ಬೇಕು ಅಂದಿದ್ದು, ಎರಡೂ ಎಷ್ಟು ಎದುರುಬದುರು ಅಂತ ನೋಡಿದರೇನೇ ಮೈ ಜುಂ ಅನ್ನೋದು, ಅಲ್ವಾ?

ನಿರೂಪಣೆಯಲ್ಲಿ 'ಕೆಡವಲಾಗಿದೆ' (ಆ ಕಟ್ಟಡ ಈಗಿಲ್ಲ ಅಂತ) ಅನ್ನೋ ಪದ ಮತ್ತೆ ಮತ್ತೆ ಬರುತ್ತೆ. ಸುಮ್ನೆ ದಾಟಿಸಬೇಡಿ. ಸುಸ್ತಾದರೆ ಎರಡು ದಿನ ಮಾಡಿ ನೋಡಿ, ಪರವಾಗಿಲ್ಲ.